50 ವಾಟ್ ಎಷ್ಟು ದೂರ ಹೋದೀತು?

ಜಯನಗರದಲ್ಲೋ ಜೆ.ಪಿ. ನಗರದಲ್ಲೋ ಕೂತು ರೇಡಿಯೊ ಮುಳ್ಳನ್ನು 91.1ರಿಂದ ಒಂಚೂರು ಎಡಕ್ಕೆ ಸರಿಸಿದರೆ 90.4 ಬರುತ್ತದೆ. ಮೊದಲನೆಯದು ರೇಡಿಯೊ ಸಿಟಿ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾಗಿ 2001ರ ಜುಲೈ 3ರಂದು ಇದೇ ಊರಲ್ಲಿ ಶುರುವಾದದ್ದು. ಎರಡನೆಯದು ಜೈನ್ ಶಿಕ್ಷಣ ಸಂಸ್ಥೆಯ ರೇಡಿಯೊ ಆಕ್ಟಿವ್. 2007ರಲ್ಲಿ ಬಂದ ಬೆಂಗಳೂರಿನ ಮೊದಲ ಸಮುದಾಯ ಬಾನುಲಿ. ಮುಳ್ಳಿನ ಮೇಲೆ ಇವು ಅಕ್ಕಪಕ್ಕದ ಮನೆ. ಶಕ್ತಿಯಲ್ಲಿ ಮಾತ್ರ ಅಜಗಜಾಂತರ. ಬೆಂಗಳೂರಿನಂಥ ‘ಎ’ ವರ್ಗದ ನಗರದಲ್ಲಿ ಖಾಸಗಿ ಕೇಂದ್ರಗಳು 10ರಿಂದ 30 ಕಿಲೋವಾಟ್ ಸೂಸಬಹುದು. ಸಮುದಾಯ ಬಾನುಲಿಗೆ ಸಾಮಾನ್ಯ ಮಿತಿ 100 ವಾಟ್.

ಈ 100 ವಾಟ್ ಕೂಡ ಸುಮ್ಮನೆ ಸಿಕ್ಕಿದ್ದಲ್ಲ. ಅಲೆಗಳು ಸಾರ್ವಜನಿಕ ಸ್ವತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ‘ವಾಯ್ಸಸ್’ ಸಂಸ್ಥೆ ಕರೆದ ಸಭೆಯಲ್ಲಿ, ಜನಸಮುದಾಯಕ್ಕೂ ರೇಡಿಯೊ ಬೇಕೆನ್ನುವ ‘ಬೆಂಗಳೂರು ಘೋಷಣೆ’ ಹೊರಬಂತು. ಪರವಾನಗಿ ಬರುವವರೆಗೆ ಕಾಯದೆ ಕೋಲಾರ ಜಿಲ್ಲೆಯ ಬೂದಿಕೋಟೆಯವರು ‘ನಮ್ಮ ಧ್ವನಿ’ಯನ್ನು ಕೇಬಲ್ ತಂತಿಯಲ್ಲೇ ಮನೆಮನೆಗೆ ಹರಿಸಿದರು. ಗಾಳಿಯಲ್ಲಿ ಹೋಗಬೇಕಾದ ದನಿ ತಂತಿ ಹಿಡಿದು ನಡೆದ ಆ ಹಟ ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ವ್ಯಾಪ್ತಿ 5ರಿಂದ 10 ಕಿ.ಮೀ., ಆಂಟೆನಾ ನೆಲದಿಂದ 30 ಮೀಟರ್ ಮೀರಬಾರದು ಎಂಬ ಗೆರೆಯೂ ಬಿತ್ತು.

ಸಾಮಾನ್ಯವಾಗಿ ಟ್ರಾನ್ಸ್‌ಮಿಟರ್ ಇರುವುದು 50 ವಾಟಿನದು. ಅದು 100 ಆಗುವುದು ಆಂಟೆನಾದಿಂದ. ಆಂಟೆನಾ ಹೊಸ ಶಕ್ತಿ ಹುಟ್ಟಿಸುವುದಿಲ್ಲ; ಆಕಾಶಕ್ಕೆ ಹೋಗಿ ದಂಡವಾಗುವುದನ್ನು ಬಗ್ಗಿಸಿ ಬಡಾವಣೆಗಳ ಕಡೆಗೆ ಕಳಿಸುತ್ತದೆ, ಅಷ್ಟೇ.

ಅದರ ಕಡ್ಡಿ ನೆಟ್ಟಗೆ ನಿಂತಿದ್ದರೆ ಅಲೆ ಮೇಲೆ ಕೆಳಗೆ ತುಯ್ಯುತ್ತದೆ, ಮಲಗಿದ್ದರೆ ಅಡ್ಡಡ್ಡ. ಇದೇ ಧ್ರುವೀಕರಣ. ಬಯಲಲ್ಲಿ ನೆಟ್ಟನೆಯ ಅಲೆಯನ್ನು ಮಲಗಿದ ಕಡ್ಡಿಯಿಂದ ಹಿಡಿಯಹೋದರೆ ನೂರರಲ್ಲಿ ಒಂದು ಪಾಲು ದಕ್ಕಿದರೆ ಹೆಚ್ಚು. ಊರೊಳಗೆ ಗೋಡೆಗಳಿಗೆ ಬಡಿದು ಅಲೆ ತಿರುಚಿಕೊಳ್ಳುವುದರಿಂದ ನಷ್ಟ ಕಡಿಮೆ. ಎಫ್‌ಎಂ ಹುಟ್ಟಿದ ಕಾಲದಲ್ಲಿ ಪಶ್ಚಿಮದ ದೇಶಗಳಲ್ಲಿ ಮನೆಯ ಸೂರಿನ ಮೇಲೆ ಅಡ್ಡ ಆಂಟೆನಾ ಇರುತ್ತಿತ್ತು, ಪ್ರಸಾರವೂ ಅಡ್ಡವೇ. ಕಾರಿಗೆ ನೆಟ್ಟನೆಯ ಕಡ್ಡಿ ಬಂದ ಮೇಲೆ ಎರಡಕ್ಕೂ ಒಗ್ಗುವ, ಸುತ್ತುತ್ತ ಸಾಗುವ ಅಲೆ ರೂಢಿಗೆ ಬಂತು. ಆದರೆ ಅದರಲ್ಲಿ ಶಕ್ತಿ ಎರಡು ಪಾಲಾಗುತ್ತದೆ. ಹತ್ತಾರು ಕಿಲೋವಾಟ್ ಇರುವವರಿಗೆ ಅದು ಭಾರವಲ್ಲ. ಪುಟ್ಟ ಕೇಂದ್ರಕ್ಕೆ ನೆಟ್ಟನೆಯ ಅಲೆಯೇ ವಾಸಿ ಎಂಬುದು ನನ್ನ ಎಣಿಕೆ. ಕೇಳುವವರ ಕಾರಿನ ಕಡ್ಡಿಯೂ ಕೊರಳಿಂದ ಇಳಿಬಿದ್ದ ಇಯರ್‌ಫೋನ್ ತಂತಿಯೂ ನೆಟ್ಟಗೇ ಇರುತ್ತವೆ.

ವಾಟ್ ಏರಿಸಿದರೆ ಸಾಲದೆ? ನೆಲಕ್ಕೆ ಹತ್ತಿರದ ಪ್ರಸಾರದಲ್ಲಿ ದೂರ ಎರಡುಪಟ್ಟಾಗಬೇಕಾದರೆ ಶಕ್ತಿ ಹದಿನಾರು ಪಟ್ಟು ಬೇಕಾದೀತು. ಅದೇ ಆಂಟೆನಾದ ಎತ್ತರ ಎರಡುಪಟ್ಟಾದರೆ ಶಕ್ತಿಯನ್ನು ನಾಲ್ಕುಪಟ್ಟು ಮಾಡಿದಷ್ಟು ಲಾಭ. 30 ಮೀಟರ್ ಅಂದರೆ ಹತ್ತು ಮಹಡಿ. ಕನಕಪುರ ರಸ್ತೆಯ ಅಪಾರ್ಟ್‌ಮೆಂಟ್‌ಗಳು ಅದನ್ನು ಎಂದೋ ದಾಟಿವೆ. ಬನಶಂಕರಿ, ಬಿಟಿಎಂ ಬಡಾವಣೆಗಳಂಥ ಕಡೆ ಪುಟ್ಟ ಕೇಂದ್ರದ ಅಲೆ ಈಗ ಕಾಂಕ್ರೀಟಿನ ಸಂದುಗಳಲ್ಲಿ ನುಸುಳಿಯೇ ಬರಬೇಕು. ಸಮುದಾಯ ಬಾನುಲಿಗೆ ಮೊದಲು ಕೊಡಬೇಕಾದ್ದು ಎತ್ತರ, ವಾಟ್ ಆಮೇಲೆ.

ಅಲ್ಲಿಯವರೆಗೆ ಕೇಳುಗರೂ ಒಂದು ಕೈ ಹಾಕಬಹುದು. 90.4ರ ಅಲೆಯ ಉದ್ದ 3.3 ಮೀಟರ್. ಗೋಡೆಗೆ ಬಡಿದು ಮರಳಿದ ಅಲೆ ಮೂಲದ ಅಲೆಯನ್ನು ಒಂದೆಡೆ ಅಳಿಸಿದರೆ, ಅಲೆಯುದ್ದದ ಕಾಲುಭಾಗ ದೂರದಲ್ಲಿ, ಅಂದರೆ ಎರಡು ಮೊಳದಾಚೆ, ಬಲಗೊಳಿಸುತ್ತದೆ. ಅಡುಗೆಮನೆ ಕಟ್ಟೆಯ ಮೇಲೆ ಗೊರಗೊರ ಎನ್ನುವ ರೇಡಿಯೊವನ್ನು ಆರಿಸಬೇಡಿ. ಕಡ್ಡಿಯನ್ನು ಪೂರ್ತಿ ಎಳೆದು ನೆಟ್ಟಗೆ ನಿಲ್ಲಿಸಿ, ಕಿಟಕಿಯ ಕಡೆ ಎರಡು ಮೊಳ ಸರಿಸಿ ನೋಡಿ.