ನಿಮಗಿದು ಗೊತ್ತೇ? ಬೈಕು, ಹಾಡು ಮತ್ತು ಹೆಲ್ಮೆಟ್ಟಿನೊಳಗಿನ ಗಾಳಿ

ನವಿ ಮುಂಬಯಿಯ ಐರೋಲಿಯಿಂದ ಬೈಕ್ ಹತ್ತಿ ಠಾಣೆ–ಬೇಲಾಪುರ ರಸ್ತೆ ಹಿಡಿದರೆ ಪನ್ವೇಲ್ ದೂರವಿಲ್ಲ. ರಾಷ್ಟ್ರೀಯ ಹೆದ್ದಾರಿ 66 ಶುರುವಾಗುವುದೇ ಅಲ್ಲಿಂದ. ಚಿಪ್ಳೂಣ, ಕಾರವಾರ, ಕುಂದಾಪುರ, ಉಡುಪಿ ಎಲ್ಲವೂ ಆ ಒಂದೇ ದಾರಿಯಲ್ಲಿ. ಐರೋಲಿ, ಡೊಂಬಿವಲಿ, ಕಲ್ಯಾಣದ ಕನ್ನಡ ಮನೆಗಳಲ್ಲಿ ಬೈಕಿನಲ್ಲೇ ಊರಿಗೆ ಹೋಗಿಬರುವ ಹುಡುಗರಿದ್ದಾರೆ. ದಾರಿಯುದ್ದಕ್ಕೂ ಹಾಡು ಬೇಕೆನ್ನುವವರೂ ಅವರೇ. ಹಾಡಿನ ಸಾಧನ ಕೊಳ್ಳಲು ಅಂಗಡಿಗೆ ಹೋದರೆ ಬೇಸ್ ಎಷ್ಟು, ಬ್ಯಾಟರಿ ಎಷ್ಟು, ಬಣ್ಣ ಯಾವುದು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಬೈಕ್ ಸವಾರ ಕೇಳಬೇಕಾದದ್ದು ಇನ್ನೂ ಇದೆ.

★ ಸೋನಿಯ ಮೊದಲ ವಾಕ್‌ಮನ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1979ರ ಜುಲೈ 1ರಂದು. ಬೆಲೆ 33,000 ಯೆನ್. ಇಬ್ಬರು ಒಟ್ಟಿಗೆ ಕೇಳಲೆಂದು ಎರಡು ಹೆಡ್‌ಫೋನ್ ತೂತು. ಜೊತೆಗೊಂದು ಕಿತ್ತಳೆ ಬಣ್ಣದ ಗುಂಡಿ. ಅದನ್ನು ಒತ್ತಿದರೆ ಹಾಡಿನ ಸದ್ದು ತಗ್ಗಿ, ಒಳಗಿನ ಮೈಕ್ ಮೂಲಕ ಪಕ್ಕದವರ ಮಾತು ಕಿವಿಗೆ ಬೀಳುತ್ತಿತ್ತು. ಹೊರಗಿನ ಲೋಕವನ್ನು ಒಂದೇ ಒತ್ತಿಗೆ ಒಳಕ್ಕೆ ಬಿಟ್ಟುಕೊಳ್ಳುವ ಈ ಸೌಲಭ್ಯ ಬೈಕ್ ಸವಾರನಿಗೆ ಎಲ್ಲಕ್ಕಿಂತ ಮುಖ್ಯ. ಕೊಳ್ಳುವಾಗ ಮೊದಲು ಇದನ್ನೇ ಕೇಳಿ.

★ ಕನ್ನಡದ ಕ್ಯಾಸೆಟ್ ವಾಕ್‌ಮನ್‌ಗಿಂತ ಮುಂಚಿನದು! ಕವಿ ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಹೊರಬಂದದ್ದು 1978ರಲ್ಲಿ. ಕನ್ನಡ ಭಾವಗೀತೆಗಳು ಮನೆಮನೆಯ ಟೇಪ್ ರೆಕಾರ್ಡರಿಗೆ ತಲುಪಿದ್ದು ಇಂಥ ಕ್ಯಾಸೆಟ್ಟುಗಳಿಂದ.

★ ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಸಾಗಬೇಕು. ಈ ವೇಗ ಚೂರು ಏರುಪೇರಾದರೂ ಶ್ರುತಿ ಅಲುಗುತ್ತದೆ. ಮೈ ಕುಲುಕಿದಾಗ ಒಳಗಿನ ಗಾಲಿಯ ತಿರುಗುವಿಕೆ ಕೆಡದಿರಲೆಂದು ಎಷ್ಟೋ ವಾಕ್‌ಮನ್‌ಗಳಲ್ಲಿ ‘ಆಂಟಿ ರೋಲಿಂಗ್ ಮೆಕ್ಯಾನಿಸಂ’ ಎಂಬ ಏರ್ಪಾಡು ಇರುತ್ತಿತ್ತು, ಡಬ್ಬಿಯ ಮೇಲೆ ಆ ಹೆಸರೂ ಅಚ್ಚಾಗಿರುತ್ತಿತ್ತು.

★ ಸಿಡಿಯ ಕಷ್ಟ ಇನ್ನೂ ಹೆಚ್ಚು. ಅದರ ಸುರುಳಿಗೆರೆಗಳ ನಡುವಿನ ಅಂತರ 1.6 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಭಾಗದಲ್ಲಿ ಒಂದೂವರೆಗಿಂತ ತುಸು ಹೆಚ್ಚು. ರಸ್ತೆಯ ಒಂದು ಗುಂಡಿಗೆ ಬಿದ್ದರೆ ಸಾಕು, ಲೇಸರ್ ಗೆರೆ ತಪ್ಪುತ್ತದೆ. ಅದಕ್ಕೇ ಕೆಲವು ಸೆಕೆಂಡುಗಳ ಹಾಡನ್ನು ಮೊದಲೇ ಓದಿ ನೆನಪಿನಲ್ಲಿಟ್ಟುಕೊಳ್ಳುವ ಪ್ಲೇಯರ್‌ಗಳು ಬಂದವು. 2001ರ ಅಕ್ಟೋಬರ್ 23ರಂದು ಆಪಲ್ ಪ್ರಕಟಿಸಿದ ಮೊದಲ ಐಪಾಡ್‌ನಲ್ಲೂ ಇದೇ ಉಪಾಯ: ಒಳಗೆ ತಿರುಗುವ 5 ಜಿಬಿ ಹಾರ್ಡ್ ಡಿಸ್ಕ್, ಕುಲುಕಾಟ ತಡೆಯಲು ಇಪ್ಪತ್ತು ನಿಮಿಷದ ಹಾಡು ಹಿಡಿಯುವ ನೆನಪಿನ ಚಿಪ್.

★ ಈ ಎಲ್ಲ ತಾಪತ್ರಯ ಮುಗಿಸಿದ್ದು ಫ್ಲ್ಯಾಶ್ ಮೆಮೊರಿ. ತೋಷಿಬಾದ ಇಂಜಿನಿಯರ್ ಫುಜಿಯೊ ಮಸುಓಕ 1980ರ ದಶಕದಲ್ಲಿ ರೂಪಿಸಿದ್ದು. ಅದರಲ್ಲಿ ತಿರುಗುವ ಭಾಗವೇ ಇಲ್ಲ. 1998ರಲ್ಲಿ ದಕ್ಷಿಣ ಕೊರಿಯಾದಿಂದ ಬಂದ ಎಂಪಿಮ್ಯಾನ್ ಎಂಬ ಎಂಪಿ3 ಪ್ಲೇಯರ್ ಹಿಡಿಯುತ್ತಿದ್ದುದು ಬರೀ 32 ಎಂಬಿ, ಅಂದರೆ ಅರ್ಧ ಗಂಟೆಯ ಹಾಡು. ಆದರೆ ಎಷ್ಟು ಕುಲುಕಿದರೂ ಅದು ತಡವರಿಸುತ್ತಿರಲಿಲ್ಲ. ಬೈಕಿಗೆ ಹಳೆಯ ಹಾರ್ಡ್ ಡಿಸ್ಕ್ ಪ್ಲೇಯರ್ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಬೇಡ ಎನ್ನಿ.

★ ದುಬಾರಿ ಫೋನನ್ನು ಹ್ಯಾಂಡಲ್‌ಗೆ ಸಿಕ್ಕಿಸಿ ಹಾಡು ಹಾಕುವವರು ಗಮನಿಸಿ. ಶಕ್ತಿಶಾಲಿ ಬೈಕ್ ಇಂಜಿನ್ನಿನ ಕಂಪನ ಹ್ಯಾಂಡಲ್ ಮೂಲಕ ಹರಿದು ಐಫೋನ್ ಕ್ಯಾಮೆರಾದ ಸ್ಥಿರತೆ ಮತ್ತು ಫೋಕಸ್ ವ್ಯವಸ್ಥೆಯನ್ನು ಹಾಳುಮಾಡಬಹುದು ಎಂದು 2021ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತು. ಚಿತ್ರ ನಡುಗದಿರಲಿ ಎಂದು ಆ ಕ್ಯಾಮೆರಾದೊಳಗೆ ಚಲಿಸುವ ಸೂಕ್ಷ್ಮ ಭಾಗಗಳಿವೆ, ಪೆಟ್ಟು ಬೀಳುವುದು ಅವಕ್ಕೆ. ಹಾಡಿಗೆಂದೇ ಬೇರೆ ಒಂದು ಪುಟ್ಟ ಪ್ಲೇಯರ್ ಇರಲಿ ಎನ್ನಲು ನನಗೆ ಇದೊಂದೇ ಕಾರಣ ಸಾಕು.

★ ಈಗ ನಿಜವಾದ ಎದುರಾಳಿಗೆ ಬರೋಣ. ಅದು ಗಾಳಿ. ಗಂಟೆಗೆ ಸುಮಾರು 65 ಕಿ.ಮೀ. ದಾಟಿದ ಮೇಲೆ ಸವಾರನ ಕಿವಿಗೆ ಇಂಜಿನ್ನಿಗಿಂತ ಗಾಳಿಯ ಸದ್ದೇ ಜೋರು. ಹೆಲ್ಮೆಟ್ಟಿನ ಕೆಳಅಂಚಿನಲ್ಲಿ, ಗಲ್ಲದ ಬಳಿ ಸುಳಿಗಟ್ಟುವ ಗಾಳಿ ಅದು. ವೇಗ 100 ಮುಟ್ಟುವ ಹೊತ್ತಿಗೆ ಹೆಲ್ಮೆಟ್ ಒಳಗಿನ ಸದ್ದು 100 ಡೆಸಿಬಲ್‌ನ ಆಸುಪಾಸಿಗೆ ಏರಿರುತ್ತದೆ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳು ಜನವಸತಿಯ ಜಾಗಕ್ಕೆ ಹಗಲಲ್ಲಿ ಇಟ್ಟ ಮಿತಿ 55 ಡೆಸಿಬಲ್. ಕೈಗಾರಿಕೆಗಳ ಜಾಗಕ್ಕೂ 75 ಮಾತ್ರ!

★ ಡೆಸಿಬಲ್ ಲೆಕ್ಕ ನೇರವಾದ ಏಣಿಯಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಹೇಳುವ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಮೂರು ಡೆಸಿಬಲ್ ಏರಿದಂತೆಲ್ಲ ಆ ಹೊತ್ತು ಅರ್ಧಕ್ಕಿಳಿಯುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ ಗಂಟೆ. ನೂರಕ್ಕೆ ಹದಿನೈದೇ ನಿಮಿಷ. ಪನ್ವೇಲಿನಿಂದ ಉಡುಪಿ ಕಡೆಗೆ ಇಡೀ ದಿನ ಓಡಿಸುವವನ ಕಿವಿ ಹಾಡು ಶುರುವಾಗುವ ಮುನ್ನವೇ ದಣಿದಿರುತ್ತದೆ. ಅದರ ಮೇಲೆ ಗಾಳಿಯನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾನೆ. ರಾತ್ರಿ ಊರಲ್ಲಿ ಮಲಗಿದಾಗ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ ಅದು ಒಳಗಿವಿಯ ರೋಮಕೋಶಗಳಿಗೆ ಬಿದ್ದ ಪೆಟ್ಟಿನ ಸೂಚನೆ. ಆ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹದಿನೆಂಟರ ಹುಡುಗನಿಗೆ ಇದನ್ನು ಯಾರಾದರೂ ಕೂರಿಸಿ ಹೇಳಲೇಬೇಕು.

★ ಕಿವಿಗೆ ಸ್ಪಂಜಿನ ಇಯರ್‌ಪ್ಲಗ್ ಹಾಕಿ, ಅದರ ಮೇಲೆ ಹೆಲ್ಮೆಟ್ ಸ್ಪೀಕರಿನ ಹಾಡು ಕೇಳಬಹುದು ಗೊತ್ತೇ? ಹೊರದೇಶಗಳ ದೂರಪ್ರಯಾಣಿಕರಲ್ಲಿ ಇದು ಹಳೆಯ ರೂಢಿ. ಪ್ಲಗ್ ಗಾಳಿ, ಹಾರ್ನ್, ಹಾಡು ಎಲ್ಲವನ್ನೂ ತಗ್ಗಿಸುತ್ತದೆ, ಆದ್ದರಿಂದ ಗಾಳಿಯ ಸದ್ದಿನ ಮುಂದೆ ಹಾರ್ನ್ ಸೋಲುವುದಿಲ್ಲ. ಕಿವಿಯೂ ದಣಿಯುವುದಿಲ್ಲ. ಇದು ತೆರೆದ ಹೆದ್ದಾರಿಗೆ ಹೇಳಿದ ಮಾತು. ಠಾಣೆ–ಬೇಲಾಪುರ ರಸ್ತೆಯ ರಬಾಳೆ, ತುರ್ಭೆಯ ವಾಹನದಟ್ಟಣೆಯಲ್ಲಿ ಪ್ಲಗ್ಗೂ ಬೇಡ, ಹಾಡೂ ಬೇಡ.

★ ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್ ಚೆನ್ನಾಗಿ ಅಳಿಸುವುದು ತಗ್ಗಿನ, ಒಂದೇ ಸಮನಾದ ಸದ್ದನ್ನು. ವಿಮಾನದಲ್ಲಿ ಅದು ವರ. ರಸ್ತೆಯಲ್ಲಿ ಮಾತ್ರ ಹಿಂದಿನಿಂದ ಬರುವ ಟ್ರೇಲರ್ ಲಾರಿಯ ಗುರುಗುಟ್ಟುವಿಕೆಯೂ ಅದೇ ಜಾತಿಯ ಸದ್ದು. ಜವಾಹರಲಾಲ್ ನೆಹರೂ ಬಂದರು 1989ರಲ್ಲಿ ಶುರುವಾದ ಮೇಲೆ ನವಿ ಮುಂಬಯಿಯ ರಸ್ತೆಗಳು ಕಂಟೇನರ್ ಲಾರಿಗಳ ದಾರಿಯೂ ಆಗಿವೆ. ಅವುಗಳ ಸದ್ದು ಅಳಿಸಿಕೊಂಡು ಓಡಿಸುವುದನ್ನು ನಾನು ಒಪ್ಪಲಾರೆ.

★ ಗಾಳಿಯ ಸದ್ದಿನಲ್ಲಿ ಎಲ್ಲ ಸಂಗೀತವೂ ಒಂದೇ ರೀತಿ ಕೇಳುವುದಿಲ್ಲ. ಗಾಳಿಯಂಥ ತಗ್ಗಿನ ಸದ್ದು ತನಗಿಂತ ಮೇಲಿನ ಸ್ವರಗಳನ್ನೂ ಮುಚ್ಚಿಹಾಕುತ್ತದೆ. ಮೊದಲು ಮಾಯವಾಗುವುದು ಬೇಸ್. ಅಂಗಡಿಯಲ್ಲಿ ಯಾವುದಕ್ಕೆ ಹೆಚ್ಚು ದುಡ್ಡು ಕೊಟ್ಟಿರೋ ಅದೇ! ಭೀಮಸೇನ ಜೋಶಿಯವರ ಆಲಾಪದ ಮಂದ್ರ ಸಂಚಾರ ಕಳೆದುಹೋಗುತ್ತದೆ, ತಾರಸ್ಥಾಯಿಗೆ ಏರಿದಾಗ ಮಾತ್ರ ಥಟ್ಟನೆ ಕಿವಿಗೆ ಬಡಿಯುತ್ತದೆ. ಯಕ್ಷಗಾನದಲ್ಲಿ ಚೆಂಡೆ ಉಳಿಯುತ್ತದೆ, ಮದ್ದಳೆಯ ನಯ ಉಳಿಯುವುದಿಲ್ಲ. ಆದಿಯಿಂದ ಅಂತ್ಯದವರೆಗೆ ಸದ್ದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವ ಸಿನಿಮಾ ಹಾಡು, ತಾಳಮದ್ದಳೆಯ ಅರ್ಥಗಾರಿಕೆ, ಮಾತಿನ ಕಾರ್ಯಕ್ರಮಗಳು ಬೈಕಿಗೆ ಹೊಂದುತ್ತವೆ. ಒಂದು ಹಾಡಿನಿಂದ ಇನ್ನೊಂದಕ್ಕೆ ಸದ್ದಿನ ಮಟ್ಟ ಸಮ ಮಾಡುವ ಸೌಲಭ್ಯ ಪ್ಲೇಯರಿನಲ್ಲಿದ್ದರೆ ವಾಲ್ಯೂಮ್ ಗುಂಡಿಗೆ ಕೈ ಹೋಗುವುದು ಕಡಿಮೆಯಾಗುತ್ತದೆ.

★ ಇದೇ ಕಾರಣಕ್ಕೆ ದುಬಾರಿ ‘ಲಾಸ್‌ಲೆಸ್’ ಫೈಲುಗಳು ಬೈಕಿನ ಮೇಲೆ ವ್ಯರ್ಥ. 128 ಕೆಬಿಪಿಎಸ್‌ನ ಎಂಪಿ3 ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂಬಿ. 8 ಜಿಬಿಯಲ್ಲಿ ನೂರಮೂವತ್ತಕ್ಕೂ ಹೆಚ್ಚು ಗಂಟೆ. ಮಾತೇ ಹೆಚ್ಚಿರುವ ತಾಳಮದ್ದಳೆಗೆ 64 ಕೆಬಿಪಿಎಸ್ ಸಾಕು: ಆರು ಗಂಟೆಯ ಪ್ರಸಂಗ ಸುಮಾರು 173 ಎಂಬಿಯಲ್ಲಿ ಮುಗಿಯುತ್ತದೆ.

★ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ 16.7 ಮೀಟರ್ ಸಾಗುತ್ತದೆ. ಮುಂದಿನ ಹಾಡು ಹುಡುಕಲು ಎರಡು ಸೆಕೆಂಡ್ ಪರದೆ ನೋಡಿದರೆ 33 ಮೀಟರ್ ರಸ್ತೆ ಕಾಣದೇ ಹೋಯಿತು.

★ ಆದ್ದರಿಂದ ಪರದೆ ಬೇಡ, ಗುಂಡಿ ಬೇಕು. ಮಾಮೂಲಿ ಕೈಗವಸಿಗೆ ಟಚ್ ಸ್ಕ್ರೀನ್ ಜಗ್ಗುವುದಿಲ್ಲ, ಮಳೆಹನಿ ಬಿದ್ದರೆ ತಾನೇ ಏನೇನೋ ಒತ್ತಿಕೊಳ್ಳುತ್ತದೆ. 2009ರಲ್ಲಿ ಆಪಲ್ ತನ್ನ ಐಪಾಡ್ ಶಫಲ್‌ನಿಂದ ಹಾಡು ಬದಲಿಸುವ ಗುಂಡಿಗಳನ್ನು ಕಿತ್ತು ಇಯರ್‌ಫೋನ್ ವೈರಿಗೆ ಸಾಗಿಸಿತು. ಮರುವರ್ಷವೇ ಗುಂಡಿಗಳು ಪೆಟ್ಟಿಗೆಯ ಮೇಲೆ ವಾಪಸಾದವು. ಆ 2010ರ ಶಫಲ್ ತೂಗುತ್ತಿದ್ದುದು 12.5 ಗ್ರಾಂ, ಪರದೆಯೇ ಇಲ್ಲ, ಜಾಕೆಟ್ಟಿಗೆ ಕ್ಲಿಪ್. ಬೈಕಿಗೆಂದು ಮಾಡಿದ್ದಲ್ಲವಾದರೂ ಬೈಕಿಗೆ ಅಷ್ಟು ಒಪ್ಪುವ ಪ್ಲೇಯರ್ ನಾನು ಕಂಡಿಲ್ಲ. ಐಪಾಡ್‌ಗಳ ಕಥೆ 2022ರ ಮೇ ತಿಂಗಳಲ್ಲಿ ಮುಗಿಯಿತು. ಆದರೆ ಗುಂಡಿಗಳಿರುವ ಸಣ್ಣ ಫ್ಲ್ಯಾಶ್ ಪ್ಲೇಯರ್‌ಗಳು ಇಂದಿಗೂ ಸಿಗುತ್ತವೆ. ಅಂಗಡಿಯಲ್ಲಿ ಕಣ್ಣು ಮುಚ್ಚಿ, ಕೈಗವಸು ಹಾಕಿ, ನಿಲ್ಲಿಸುವ ಗುಂಡಿ ಸಿಗುತ್ತದೆಯೇ ಪರೀಕ್ಷಿಸಿ.

★ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್ ಕಡ್ಡಾಯ ಮಾಡಿದ್ದು ಎಲ್ಲರಿಗೂ ಗೊತ್ತು. 184ನೇ ಕಲಮು ಓಡಿಸುತ್ತ ಕೈಯಲ್ಲಿ ಫೋನ್ ಬಳಸುವುದನ್ನು ಅಪಾಯಕಾರಿ ಚಾಲನೆ ಎಂದೇ ಎಣಿಸುತ್ತದೆ. 2020ರ ಅಕ್ಟೋಬರ್‌ನಿಂದ ಜಾರಿಯಾದ ನಿಯಮಗಳ ತಿದ್ದುಪಡಿ ಫೋನಿಗೆ ಬಿಟ್ಟ ಅವಕಾಶ ದಾರಿ ನೋಡಲು ಮಾತ್ರ, ಅದೂ ಗಮನ ಕೆಡದಂತೆ. ಹಾಡು ಆ ಪಟ್ಟಿಯಲ್ಲಿಲ್ಲ. ಎರಡೂ ಕಿವಿಗೆ ಇಯರ್‌ಫೋನ್ ತುರುಕಿದ ಸವಾರನನ್ನು ಪೊಲೀಸರು ತಡೆದರೆ ವಾದಿಸುವುದು ಕಷ್ಟ.

★ ಹೆಲ್ಮೆಟ್ಟಿನಲ್ಲಿ ಸ್ಪೀಕರ್ ಕೂರಿಸಲೆಂದು ಒಳಗಿನ ಥರ್ಮೊಕೋಲ್ ಪದರವನ್ನು ಚಾಕುವಿನಿಂದ ಕೆತ್ತುವವರಿದ್ದಾರೆ. ದಯವಿಟ್ಟು ಬೇಡ. ಬಿದ್ದಾಗ ತಾನು ಪುಡಿಯಾಗಿ ತಲೆ ಉಳಿಸುವುದು ಅದೇ ಪದರ. ಕಿವಿಯ ಜಾಗದಲ್ಲಿ ಮೊದಲೇ ಗುಳಿಯಿರುವ, ಐಎಸ್ 4151 ಗುರುತಿನ ಹೆಲ್ಮೆಟ್ ಕೊಳ್ಳಿ. ತೆಳು ಸ್ಪೀಕರ್ ಅದರಲ್ಲೇ ಕೂರುತ್ತದೆ.

★ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೆ ಪ್ರವೇಶವಿಲ್ಲ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವಿನಲ್ಲೂ ಇಲ್ಲ. ಬೆಳಗಾವಿ, ಹುಬ್ಬಳ್ಳಿ ಕಡೆಯ ಸವಾರ ಖೋಪೋಲಿಯ ಹಳೆಯ ರಸ್ತೆಯಲ್ಲೇ ಘಾಟ್ ಹತ್ತಬೇಕು. ತಿರುವು ತಿರುವಿಗೂ ಹಾರ್ನ್ ಕೇಳಿಸಿಕೊಳ್ಳಬೇಕಾದ ದಾರಿ ಅದು. ಅಲ್ಲಿ ಪ್ಲೇಯರ್ ಬಂದ್ ಇರಲಿ.

★ ಐಪಿಎಕ್ಸ್7 ಎಂದು ಬರೆದ ಸಾಧನ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ಬದುಕುತ್ತದೆ. ಆದರೆ ರಭಸದ ನೀರಿನ ಧಾರೆ ತಾಳುತ್ತದೆಂದು ಅದರ ಅರ್ಥವಲ್ಲ, ಆ ಪರೀಕ್ಷೆಗಳು ಐಪಿಎಕ್ಸ್5 ಮತ್ತು 6. ಕೊಂಕಣದ ಜುಲೈ ಮಳೆಗೆ 60ರ ವೇಗದಲ್ಲಿ ಎದುರಾಗುವ ಸಾಧನಕ್ಕೆ ಈ ಎರಡನೆಯ ಗುಂಪಿನ ಅಂಕಿ ಮುಖ್ಯ. ಐಪಿಎಕ್ಸ್4 ಎಂದರೆ ಬರೀ ಸಿಂಪರಣೆಗೆ.

★ ಬ್ಲೂಟೂತ್ ಕೆಲಸ ಮಾಡುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ನಮ್ಮ ಮೈಯೂ ಬಹುಪಾಲು ನೀರೇ. ಪ್ಲೇಯರ್ ಹಿಂದಿನ ಜೇಬಿನಲ್ಲಿದ್ದು ಜಾಕೆಟ್ ನೆನೆದಿದ್ದರೆ ಹಾಡು ತುಂಡು ತುಂಡಾಗಿ ಬರುವುದು ಇದಕ್ಕೇ. ಮೇಲಿನ ಜೇಬಿಗೆ ಬದಲಿಸಿ. ಭಾರವಾದ, ಚೂಪು ಮೂಲೆಯ ಸಾಧನವಾದರೆ ಎದೆಯ ಮೇಲೆ ಬೇಡ, ಬಿದ್ದಾಗ ಪಕ್ಕೆಲುಬಿಗೆ ಒತ್ತುತ್ತದೆ.

★ ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಂಡು ಫೋನಿನಲ್ಲಿ ಎಫ್‌ಎಂ ಕೇಳಲು ಹೋದರೆ ‘ವೈರ್ ಇಯರ್‌ಫೋನ್ ಜೋಡಿಸಿ’ ಎನ್ನುತ್ತದಲ್ಲ, ಏಕೆ? ಆ ವೈರೇ ಆಂಟೆನಾ. ಎಫ್‌ಎಂ ಅಲೆಯ ಉದ್ದ ಸುಮಾರು ಮೂರು ಮೀಟರ್, ಅದರ ಕಾಲುಭಾಗ ಸುಮಾರು 75 ಸೆಂಟಿಮೀಟರ್. ಇಯರ್‌ಫೋನ್ ವೈರಿನ ಉದ್ದ ಆ ಕೆಲಸಕ್ಕೆ ಸಾಕಾಗುತ್ತದೆ.

★ 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರ 765 ಕಿಲೋಹರ್ಟ್ಸ್‌ನದು. ಅಲೆಯ ಉದ್ದ 390 ಮೀಟರಿಗೂ ಹೆಚ್ಚು. ಎಫ್‌ಎಂ ಗುಡ್ಡದ ಹಿಂದೆ ಸೋತರೆ ಈ ಉದ್ದ ಅಲೆ ನೆಲ ಹಿಡಿದು ಗುಡ್ಡ ಬಳಸಿ ಸಾಗುತ್ತದೆ. ಊರಿನ ದಾರಿಯಲ್ಲಿ ನಿಪ್ಪಾಣಿಯ ಗಡಿ ಸಮೀಪಿಸುವ ಕನ್ನಡಿಗನ ಹತ್ತಿರ ಎಎಂ ಇರುವ ಪುಟ್ಟ ರೇಡಿಯೊ ಇದ್ದರೆ ಅದರ ಬೆಲೆ ನೆಟ್‌ವರ್ಕ್ ಹೋದಾಗ ಗೊತ್ತಾಗುತ್ತದೆ.

★ ಆದರೆ ಓಡುವ ಬೈಕಿನ ಮೇಲೆ ಎಎಂ ಹಾಕಿದರೆ ಕೆಲವೊಮ್ಮೆ ಬರೀ ‘ಟರ್‍ರ್’ ಎನ್ನುತ್ತದೆ, ಆಕ್ಸಿಲರೇಟರ್ ತಿರುಗಿಸಿದಂತೆ ಸದ್ದೂ ಏರುತ್ತದೆ. ಅದು ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ಚಿಮ್ಮಿಸುವ ರೇಡಿಯೊ ಅಲೆ. ಇದನ್ನು ತಡೆಯಲೆಂದೇ ಪ್ಲಗ್ಗಿನೊಳಗೆ ಸುಮಾರು 5 ಕಿಲೋಓಮ್‌ನ ರೆಸಿಸ್ಟರ್ ಇಡುತ್ತಾರೆ. ಎನ್‌ಜಿಕೆ ಪ್ಲಗ್ಗುಗಳಲ್ಲಿ ಮಾದರಿಯ ಹೆಸರಿನೊಳಗೆ ಬರುವ ಇಂಗ್ಲಿಷಿನ ‘ಆರ್’ ಅಕ್ಷರ ಅದರ ಗುರುತು. ಮುಂದಿನ ಸರ್ವಿಸ್‌ನಲ್ಲಿ ಮೆಕ್ಯಾನಿಕ್ ಪ್ಲಗ್ ಬಿಚ್ಚಿದಾಗ ಆ ಅಕ್ಷರ ಇದೆಯೇ ನೋಡಿಕೊಳ್ಳಿ, ಬದಲಿಸುವುದಾದರೆ ನಿಮ್ಮ ಬೈಕ್ ಕಂಪನಿ ಹೇಳಿದ ಸಂಖ್ಯೆಯದನ್ನೇ ಹಾಕಿಸಿ.