ಹವಳದ ತೊಟ್ಟಿಗೆ ಎಷ್ಟು ಬೆಳಕು?

ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ದೂರದ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳು ಬೆಳೆದಿವೆ. ಮಳೆಗಾಲ ಮುಗಿದು ನೀರು ತಿಳಿಯಾಯಿತೆಂದರೆ ಸ್ಕೂಬಾ ಡೈವಿಂಗ್ ಮಾಡುವವರು ಅಲ್ಲಿಗೆ ಬರತೊಡಗುತ್ತಾರೆ. ಹಾಗೆ ನೋಡಿ ಬಂದವರಿಗೂ, ಮೊಬೈಲಿನಲ್ಲಿ ವಿಡಿಯೊ ನೋಡಿದವರಿಗೂ ಇಂಥದ್ದೊಂದು ಮನೆಯಲ್ಲೇ ಇದ್ದರೆ ಎಂಬ ಆಸೆ ಹುಟ್ಟುವುದುಂಟು. ಅದೇ ಜಿಲ್ಲೆಯಲ್ಲಿ ಘಟ್ಟದ ಮೇಲಿರುವ ಶಿರಸಿ ತಾಲೂಕಿನ ದಾಸನಕೊಪ್ಪದಂಥ ಊರಿನಲ್ಲಿಯೂ ಇದು ಆಗದ ಕೆಲಸವೇನಲ್ಲ. ಸಮುದ್ರದ ನೀರನ್ನು ಹೊತ್ತು ತರಬೇಕಾಗಿಯೂ ಇಲ್ಲ. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿದರೆ ಆಯಿತು. ಹಣವೂ ತಲೆಯೂ ಹೆಚ್ಚು ಖರ್ಚಾಗುವುದು ಲೈಟ್ ಆರಿಸುವಾಗ.

ಮೀನಿನ ತೊಟ್ಟಿಗೆ ಲೈಟ್ ಹಾಕುವುದು ನಾವು ನೋಡಲಿಕ್ಕೆ. ಹವಳಕ್ಕಾದರೆ ಅದು ಊಟದ ಮೂಲ. ಹವಳ ಒಂದು ಪ್ರಾಣಿ. ಆದರೆ ಅದರ ಮೈಯೊಳಗೆ ಜೂಜಾಂತೆಲೆ ಎಂಬ ಏಕಕೋಶದ ಪಾಚಿ ವಾಸಿಸುತ್ತದೆ. ಈ ಪಾಚಿ ಬೆಳಕಿನಿಂದ ಸಕ್ಕರೆ ತಯಾರಿಸಿ ಬಹುಪಾಲನ್ನು ಹವಳಕ್ಕೇ ಬಿಟ್ಟುಕೊಡುತ್ತದೆ. ಕೆಲವು ಹವಳಗಳು ತಮಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಹೀಗೇ ಪಡೆಯುತ್ತವೆ. ಬೆಳಕು ಕಡಿಮೆಯಾದರೆ ಹವಳ ಸೊರಗುತ್ತದೆ. ಅತಿಯಾದರೆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ.

ಯಾವ ಬಣ್ಣದ ಬೆಳಕು ಬೇಕೆಂಬುದನ್ನು ಸಮುದ್ರವೇ ತೀರ್ಮಾನಿಸಿದೆ. ಬಿಸಿಲು ನೀರಿಗಿಳಿದಂತೆ ಕೆಂಪು ಭಾಗ ಮೊದಲ ಕೆಲವು ಮೀಟರುಗಳಲ್ಲೇ ಬಹುಪಾಲು ಹೀರಿಹೋಗುತ್ತದೆ. ತಿಳಿನೀರಿನಲ್ಲಿ ಆಳಕ್ಕೆ ತಲುಪುವುದು ನೀಲಿ. ಹೀಗಾಗಿ ಹವಳದ ಪಾಚಿ 400ರಿಂದ 500 ನ್ಯಾನೋಮೀಟರ್ ನಡುವಿನ ನೇರಳೆ–ನೀಲಿ ಬೆಳಕನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಹವಳದ ಲೈಟುಗಳು ಕಣ್ಣಿಗೆ ಅಷ್ಟು ನೀಲಿಯಾಗಿ ಕಾಣುವುದು ಇದರಿಂದಲೇ. ಹವಳದ ಮೈಯಲ್ಲಿರುವ ಕೆಲವು ಪ್ರೋಟೀನುಗಳು ನೀಲಿ ಬೆಳಕನ್ನು ಹೀರಿ ಹಸಿರು, ಕಿತ್ತಳೆ ಬಣ್ಣಗಳಾಗಿ ಹೊರಸೂಸುತ್ತವೆ. ಫೋಟೊಗಳಲ್ಲಿ ಮಿಂಚುವ ಬಣ್ಣ ಅದು. ಮಿಂಚು ಹೆಚ್ಚಿದೆ ಎಂದಮಾತ್ರಕ್ಕೆ ಹವಳದ ಆರೋಗ್ಯ ಚೆನ್ನಾಗಿದೆ ಎಂದು ತಿಳಿಯುವಂತಿಲ್ಲ.

ನೀಲಿ ಎಲ್‌ಇಡಿ ಬಂದದ್ದೇ ಈ ಹವ್ಯಾಸಕ್ಕೆ ದೊಡ್ಡ ತಿರುವು. ಅದನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಸಂದಿತು. ನೀಲಿ ಎಲ್‌ಇಡಿ ಬರುವ ಮೊದಲು ಹವಳ ಸಾಕುವವರು ಮೆಟಲ್ ಹ್ಯಾಲೈಡ್ ದೀಪಗಳನ್ನೋ ಟಿ5 ಟ್ಯೂಬುಗಳನ್ನೋ ನೆಚ್ಚಿಕೊಂಡಿದ್ದರು. 250 ವ್ಯಾಟಿನ ಒಂದು ಹ್ಯಾಲೈಡ್ ದಿನಕ್ಕೆ ಒಂಬತ್ತು ತಾಸು ಉರಿದರೆ ತಿಂಗಳಿಗೆ ಸುಮಾರು 67 ಯೂನಿಟ್ ಕರೆಂಟು ಬೇಕು. ಎರಡಡಿಯ ತೊಟ್ಟಿಗೆ ಇಂದು 60 ವ್ಯಾಟಿನ ಎಲ್‌ಇಡಿ ಹಾಕಿದರೆ ಅಷ್ಟೇ ಹೊತ್ತಿಗೆ ಸುಮಾರು 16 ಯೂನಿಟ್. ನೀರು ಕಾಯುವ ತೊಂದರೆಯೂ ಕಡಿಮೆ.

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು ವ್ಯಾಟ್. ಅದು ಲೈಟ್ ಎಷ್ಟು ಕರೆಂಟು ತಿನ್ನುತ್ತದೆ ಎಂದಷ್ಟೇ ಹೇಳುತ್ತದೆ. ಲಕ್ಸ್ ಅಳತೆಯೂ ಇಲ್ಲಿ ಮೋಸ ಮಾಡುತ್ತದೆ. ಅದನ್ನು ರೂಪಿಸಿರುವುದು ಮನುಷ್ಯರ ಕಣ್ಣಿಗೆ ತಕ್ಕಂತೆ. ನಮ್ಮ ಕಣ್ಣು ಹಸಿರಿಗೆ ಹೆಚ್ಚು ಸ್ಪಂದಿಸುತ್ತದೆ, ನೀಲಿಗೆ ತೀರಾ ಕಡಿಮೆ. ಮೊಬೈಲಿನ ಲಕ್ಸ್ ಆ್ಯಪ್ ಹಿಡಿದು ನೀಲಿ ಲೈಟನ್ನು ಅಳೆದವರು ಬೆಳಕು ಸಾಲದೆಂದು ಏರಿಸುತ್ತಾ ಹೋಗುವ ಅಪಾಯವಿದೆ. ಕೇಳಬೇಕಾದದ್ದು ‘ಪಾರ್’ ಎಂಬ ಅಳತೆಯನ್ನು: ದ್ಯುತಿಸಂಶ್ಲೇಷಣೆಗೆ ಒದಗುವ 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಜಾಗಕ್ಕೆ ಪ್ರತಿ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬ ಲೆಕ್ಕ. ಒಳ್ಳೆಯ ತಯಾರಕರು ಯಾವ ಎತ್ತರದಿಂದ, ಎಷ್ಟು ಆಳದಲ್ಲಿ ಎಷ್ಟು ಪಾರ್ ಸಿಗುತ್ತದೆಂಬ ನಕ್ಷೆಯನ್ನೇ ಕೊಡುತ್ತಾರೆ.

ಹವ್ಯಾಸಿಗಳ ಅನುಭವದ ಲೆಕ್ಕದಲ್ಲಿ ಮೆತ್ತನೆಯ ಹವಳಗಳಿಗೆ 50ರಿಂದ 150 ಪಾರ್ ಸಾಕು. ಕೊಂಬೆಕೊಂಬೆಯಾಗಿ ಬೆಳೆಯುವ ಅಕ್ರೊಪೊರಾದಂಥ ಗಟ್ಟಿ ಹವಳಗಳು 200ರಿಂದ 400ರವರೆಗೆ ಬೇಡುತ್ತವೆ. ವಿದೇಶದ ವಿಡಿಯೊಗಳಲ್ಲಿ ದುಬಾರಿ ಲೈಟುಗಳನ್ನು ಸಾಲಾಗಿ ತೂಗುಹಾಕುವುದು ಹೆಚ್ಚಾಗಿ ಈ ಎರಡನೆಯ ಗುಂಪಿಗಾಗಿ. ಅದನ್ನು ನೋಡಿ ಇಲ್ಲಿಯೂ ಅಷ್ಟೇ ಬೆಳಕು ಬೇಕೆಂದುಕೊಳ್ಳುವುದು ತಪ್ಪು ಲೆಕ್ಕ. ಭಾರತದಲ್ಲಿ ಗಟ್ಟಿ ಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಕಪ್ಪು ಹವಳ, ಬೆಂಕಿ ಹವಳ, ಕೊಳಲು ಹವಳ, ಬೀಸಣಿಗೆಯಂಥ ಗೊರ್ಗೋನಿಯಗಳಿಗೂ ಅದೇ ರಕ್ಷಣೆ. ಸಮುದ್ರದಿಂದ ಒಂದು ತುಂಡು ಕಿತ್ತು ತರುವುದೂ ಅಪರಾಧವೇ. ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ.

ಹಾಗಾಗಿ ಇಲ್ಲಿಯ ಮನೆಯ ತೊಟ್ಟಿಗೆ ಉಳಿಯುವುದು ಅಣಬೆ ಹವಳ, ಜೊವಾಂಥಿಡ್, ತೊಗಲು ಹವಳದಂಥ ಮೆತ್ತನೆಯವು. ಅವನ್ನೂ ಬಿಲ್ ಮತ್ತು ಆಮದಿನ ಕಾಗದಪತ್ರ ಇರುವ ಅಂಗಡಿಯಿಂದಲೇ ಕೊಳ್ಳಬೇಕು. ಸಂಶಯವಿದ್ದರೆ ಅರಣ್ಯ ಇಲಾಖೆಯನ್ನು ವಿಚಾರಿಸಬೇಕು. ಕಾನೂನಿನ ಈ ಗೆರೆಯಿಂದ ಲೈಟಿನ ಲೆಕ್ಕವೂ ಹಗುರಾಗುತ್ತದೆ. ಅತ್ಯಂತ ಪ್ರಖರವಾದದ್ದನ್ನು ಹುಡುಕುವ ಅಗತ್ಯವೇ ಇಲ್ಲ.

ತೊಟ್ಟಿಯೊಳಗೆ ಬೆಳಕು ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಅಡಿಕೆ ತೋಟದಲ್ಲಿ ಮರದ ತಲೆಗೆ ಬಿಸಿಲು, ನಡುವಿನ ಕಾಳುಮೆಣಸಿಗೆ ಅರೆಬಿಸಿಲು, ಬುಡದ ಏಲಕ್ಕಿಗೆ ನೆರಳು ಸಿಗುವಂತೆ ಇಲ್ಲೂ ಮೂರು ಅಂತಸ್ತು. ತೊಗಲು ಹವಳ ಮೇಲಿನ ಕಲ್ಲಿನ ಮೇಲೆ, ಜೊವಾಂಥಿಡ್ ನಡುವೆ, ಅಣಬೆ ಹವಳ ತಳದಲ್ಲಿ ಕುಳಿತರೆ ಒಂದೇ ಲೈಟು ಮೂರಕ್ಕೂ ಹೊಂದುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ಇಷ್ಟು. 450 ನ್ಯಾನೋಮೀಟರ್ ಸುತ್ತಲಿನ ‘ರಾಯಲ್ ಬ್ಲೂ’ ಚಿಪ್‌ಗಳು ಹೆಚ್ಚಿರಬೇಕು, ಜೊತೆಗೆ ಸ್ವಲ್ಪ ನೇರಳೆ, ಸ್ವಲ್ಪ ಬಿಳಿ. ನೀಲಿ ಮತ್ತು ಬಿಳಿಗೆ ಬೇರೆ ಬೇರೆ ಡಿಮ್ಮರ್ ಇರಬೇಕು. ಟೈಮರ್ ಬೇಕೇ ಬೇಕು. ಕಿರಿದಾದ ಲೆನ್ಸ್ ಇದ್ದರೆ ನಡುವೆ ಕಣ್ಣು ಕುಕ್ಕುವ ಬೆಳಕು, ಮೂಲೆಗಳಲ್ಲಿ ಕತ್ತಲೆ. ಬೆಳಕನ್ನು ಅಗಲಕ್ಕೆ ಹರಡುವ ಲೈಟೇ ಲೇಸು. ಕೆಸಿಲ್, ರೇಡಿಯಾನ್, ಎಐ ಪ್ರೈಮ್ ಈ ಹವ್ಯಾಸದಲ್ಲಿ ಹೆಸರಾದ ಲೈಟುಗಳು. ‘ಬ್ಲ್ಯಾಕ್ ಬಾಕ್ಸ್’ ಎಂದು ಕರೆಯುವ ಅಗ್ಗದ ಚೀನೀ ಲೈಟುಗಳಲ್ಲಿಯೂ ಮೆತ್ತನೆಯ ಹವಳ ಬೆಳೆಸಿದವರಿದ್ದಾರೆ. ಮೀನಿನ ಬಣ್ಣ ಎದ್ದು ಕಾಣಲೆಂದು ಕೆಂಪು, ಹಸಿರು ತುಂಬಿದ ಮಾಮೂಲಿ ಅಕ್ವೇರಿಯಂ ಪಟ್ಟಿ ಇಲ್ಲಿಗೆ ಆಗದು.

ಹೊಸ ಲೈಟನ್ನು ಮೊದಲ ದಿನವೇ ಪೂರ್ತಿ ಹೊತ್ತಿಸಬಾರದು. ಮೂವತ್ತು–ನಲವತ್ತು ಪರ್ಸೆಂಟಿನಿಂದ ಶುರುಮಾಡಿ ಮೂರು–ನಾಲ್ಕು ವಾರಗಳಲ್ಲಿ ಏರಿಸುವುದು ಸುರಕ್ಷಿತ. ದಿನಕ್ಕೆ ಎಂಟರಿಂದ ಹತ್ತು ತಾಸು ಬೆಳಕು ಸಾಕು. ಹೆಚ್ಚಾದರೆ ಗಾಜಿಗೆ ಪಾಚಿ ಕಟ್ಟುತ್ತದೆ.

ಮಲೆನಾಡಿನ ಮಳೆಗಾಲಕ್ಕೆ ಬೇರೆಯದೇ ಲೆಕ್ಕ ಬೇಕು. ಒದ್ದೆ ಗಾಳಿಗೆ ಉಪ್ಪಿನ ಹನಿ ಸೇರಿದರೆ ಲೈಟಿನ ಫ್ಯಾನಿಗೂ ಪ್ಲಗ್ಗಿಗೂ ಬೇಗ ತುಕ್ಕು. ತಿಂಗಳಿಗೊಮ್ಮೆ ಒರೆಸುವುದು, ಪ್ಲಗ್ಗಿಗೆ ನೀರು ಇಳಿಯದಂತೆ ವೈರನ್ನು ಕೆಳಕ್ಕೆ ಬಾಗಿಸಿ ಮೇಲೆತ್ತುವುದು, ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಇಎಲ್‌ಸಿಬಿಯನ್ನು ಆ ಲೈನಿಗೆ ಹಾಕಿಸುವುದು ಇವೆಲ್ಲ ಮೊದಲೇ ಆಗಬೇಕು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದಾಗ ಇನ್ವರ್ಟರ್ ಯಾವುದಕ್ಕೆ ಎಂಬ ಪ್ರಶ್ನೆ ಏಳುತ್ತದೆ. ಲೈಟಿಲ್ಲದೆ ಹವಳ ಒಂದೆರಡು ದಿನ ತಡೆದುಕೊಂಡೀತು. ನೀರಿನ ಓಡಾಟ ನಿಂತು ಆಮ್ಲಜನಕ ಕಡಿಮೆಯಾದರೆ ಕೆಲವು ತಾಸುಗಳಲ್ಲೇ ಮೀನು, ಹವಳ ಎರಡೂ ಕಷ್ಟಕ್ಕೆ ಸಿಲುಕುತ್ತವೆ. ನೀರು ತಿರುಗಿಸುವ ಹತ್ತು ವ್ಯಾಟಿನ ಪಂಪ್ ಮನೆಯ ಇನ್ವರ್ಟರಿನ ಮೇಲೆ ಇಡೀ ರಾತ್ರಿ ಓಡೀತು. ಆದ್ದರಿಂದ ಘಟ್ಟದ ಮೇಲಿನ ಮನೆಗಳಿಗೆ ಸರಿಯಾದ ಕ್ರಮ ಇದು: ಡಿಮ್ಮರ್ ಇರುವ ಮಧ್ಯಮ ಬೆಲೆಯ ನೀಲಿ ಲೈಟು ಕೊಂಡು, ಉಳಿದ ಹಣವನ್ನು ಪಂಪಿಗೂ ಅದರ ಬ್ಯಾಟರಿಗೂ ತೆಗೆದಿಡುವುದು.