ಹನ್ನೊಂದನೆಯ ಬುಕ್‌ಮಾರ್ಕ್

ಕಳೆದ ವರ್ಷ ಪುಣೆಯಲ್ಲೇ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಸೇರಿದೆ. ಕೊನೆಯ ದಿನ ಲ್ಯಾಪ್‌ಟಾಪ್, ಐಡಿ ಕಾರ್ಡ್ ಒಪ್ಪಿಸಿ, ಗೆಳೆಯರ ಜೊತೆ ಚಹಾ ಕುಡಿದು ಮನೆಗೆ ಬಂದೆ. ಎರಡು ದಿನ ಬಿಟ್ಟು ನೆನಪಾಯಿತು: ನನ್ನ ಬುಕ್‌ಮಾರ್ಕ್‌ಗಳೆಲ್ಲ ಆಫೀಸಿನ ಖಾತೆಯಲ್ಲೇ ಉಳಿದಿದ್ದವು. ಅಷ್ಟರಲ್ಲಿ ಖಾತೆ ಮುಚ್ಚಿತ್ತು. ಕಂಪನಿಯನ್ನು ದೂರುವಂತಿರಲಿಲ್ಲ, ಸ್ವಂತದ್ದನ್ನು ಅಲ್ಲಿಟ್ಟ ತಪ್ಪು ನನ್ನದೇ.

ಏಳು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಪುಟಗಳನ್ನು ಹೀಗೆ ಗುರುತು ಹಾಕಿಟ್ಟಿದ್ದೆ. ಏನೇನು ಹೋಯಿತೆಂದು ಪಟ್ಟಿ ಮಾಡಲು ಹಾಳೆ, ಪೆನ್ನು ಹಿಡಿದು ಕೂತರೆ ಹನ್ನೊಂದಕ್ಕೆ ಪಟ್ಟಿ ನಿಂತುಬಿಟ್ಟಿತು! ಉಳಿದವು ಇದ್ದವೆಂಬುದೇ ನೆನಪಿಲ್ಲ. ಹನ್ನೊಂದರಲ್ಲಿ ಹತ್ತನ್ನು ಒಂದೇ ಸಂಜೆಯಲ್ಲಿ ಮತ್ತೆ ಹುಡುಕಿಕೊಂಡೆ. ಸಿಗದೇ ಹೋದದ್ದು ಒಂದು, ಗದಗ ಕಡೆಯ ಸಣ್ಣ ಪತ್ರಿಕೆಯೊಂದರ ಪುಟ. ಕನ್ನಡ ಶಾಲೆಯ ಮಾಸ್ತರರಾಗಿದ್ದ ಅಪ್ಪ ನಿವೃತ್ತರಾದ ದಿನದ ಸುದ್ದಿ, ಶಾಲು ಹೊದ್ದು ನಿಂತ ಫೋಟೊ ಅದರಲ್ಲಿತ್ತು. ಅಪ್ಪ ತೀರಿಕೊಂಡು ಮೂರು ವರ್ಷವಾಗಿದೆ. ಉಳಿಸುವಾಗ ಆ ಪುಟಕ್ಕೆ ಒಂದು ಹೆಸರನ್ನೂ ಕೊಟ್ಟಿರಲಿಲ್ಲ. ‘ಪುಟ 3’ ಎಂದು ತಾನಾಗಿ ಬಂದದ್ದನ್ನೇ ಒಪ್ಪಿಕೊಂಡಿದ್ದೆ.

ಆ ವಾರವೇ ಹಳೆಯ ಸಾಧನವೊಂದಕ್ಕೆ ಮರಳಿದೆ. ಎಂ.ಟೆಕ್ ಓದುವಾಗ ಲ್ಯಾಬಿನ ಸರ್ವರ್‌ಗಳಲ್ಲಿ ಮೌಸ್ ಇಲ್ಲ, ಚಿತ್ರ ಇಲ್ಲ, ಕಪ್ಪು ಪರದೆಯೊಂದೇ. ಅಲ್ಲಿ ಇಂಟರ್‌ನೆಟ್ ನೋಡಲು ಬಳಸುತ್ತಿದ್ದುದು ‘ಲಿಂಕ್ಸ್’ ಎಂಬ ಬ್ರೌಸರ್. ‘ಲಿನಕ್ಸ್’ ಅಲ್ಲ, ಇದು ಒಂದು ಜಾತಿಯ ಕಾಡುಬೆಕ್ಕಿನ ಹೆಸರು. 1992ರಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇದು ಇಂದಿಗೂ ಜೀವಂತವಾಗಿದೆ. ಪುಟದ ಅಕ್ಷರಗಳನ್ನು ಮಾತ್ರ ತೋರಿಸುತ್ತದೆ. ಚಿತ್ರ, ವಿಡಿಯೊ, ಕುಣಿಯುವ ಜಾಹೀರಾತು ಯಾವುದೂ ಇಲ್ಲ. ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ, ಮೊಬೈಲ್ ಸಿಗ್ನಲ್ ಒಂದೇ ಕಡ್ಡಿಗೆ ಇಳಿದಾಗಲೂ ಪುಟ ತೆರೆಯುತ್ತದೆ.

ಓಡಾಟಕ್ಕೆ ಬೇಕಾದದ್ದು ನಾಲ್ಕು ಬಾಣದ ಕೀಲಿಗಳು. ಮೇಲೆ, ಕೆಳಗೆ ಒತ್ತಿದರೆ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಹೋಗುತ್ತೇವೆ. ಬಲಕ್ಕೆ ಒತ್ತಿದರೆ ಕೊಂಡಿಯೊಳಕ್ಕೆ, ಎಡಕ್ಕೆ ಒತ್ತಿದರೆ ಬಂದ ದಾರಿಯಲ್ಲಿ ಒಂದು ಹೆಜ್ಜೆ ಹಿಂದಕ್ಕೆ. ಸ್ಪೇಸ್ ಒತ್ತಿದರೆ ಮುಂದಿನ ಪರದೆ, ‘ಬಿ’ ಒತ್ತಿದರೆ ಹಿಂದಿನದು. ‘ಜಿ’ ಒತ್ತಿ ಹೊಸ ವಿಳಾಸ ಬರೆಯಬಹುದು. ಎಲ್ಲಿಂದ ಎಲ್ಲಿಗೆ ಬಂದೆವೆಂದು ತಲೆ ಗೊಂದಲವಾದರೆ ಬ್ಯಾಕ್‌ಸ್ಪೇಸ್ ಒತ್ತಿ; ಆವರೆಗೆ ದಾಟಿ ಬಂದ ಪುಟಗಳ ಪಟ್ಟಿ ಎದುರಿಗೆ ಬರುತ್ತದೆ. ಇಪ್ಪತ್ತು ಟ್ಯಾಬ್ ತೆರೆದಿಟ್ಟು ಯಾವುದು ಎಲ್ಲಿದೆಯೆಂದು ಪರದಾಡುವ ನನ್ನಂಥವನಿಗೆ ಇದೇ ದೊಡ್ಡ ನೆಮ್ಮದಿ.

ಬುಕ್‌ಮಾರ್ಕ್ ಮಾಡಲು ‘ಎ’ ಒತ್ತಬೇಕು. ಈಗ ನೋಡುತ್ತಿರುವ ಪುಟ ಬೇಕೋ, ಬೆಳಕು ಬಿದ್ದಿರುವ ಕೊಂಡಿ ಬೇಕೋ ಎಂದು ಕೇಳುತ್ತದೆ. ಪುಟಕ್ಕೆ ‘ಡಿ’, ಕೊಂಡಿಗೆ ‘ಎಲ್’. ಆಮೇಲೆ ಶೀರ್ಷಿಕೆಯನ್ನು ನಮ್ಮ ಮುಂದಿಡುತ್ತದೆ, ಬೇಕಾದಂತೆ ತಿದ್ದಬಹುದು. ನಾನು ಬದಲಾದದ್ದು ಇಲ್ಲಿಯೇ. ಪುಟದ ಹೆಸರಿನ ಜೊತೆಗೆ ಅದನ್ನು ಯಾಕೆ ಉಳಿಸಿದೆ ಎಂದು ನಾಲ್ಕು ಪದ ಬರೆಯುತ್ತೇನೆ: ‘ಅವ್ವನ ಥೈರಾಯ್ಡ್, ಮಾತ್ರೆಯ ಹೊತ್ತು’, ‘ಹೊಲದ ಪಹಣಿ ತೆಗೆಯುವ ಕ್ರಮ’. ಯಾಕೆಂದು ಬರೆಯಲು ತೋಚದಿದ್ದರೆ ಉಳಿಸುವುದೇ ಇಲ್ಲ.

‘ವಿ’ ಒತ್ತಿದರೆ ಪಟ್ಟಿ ತೆರೆಯುತ್ತದೆ. ಬೇಡವಾದದ್ದರ ಮೇಲೆ ನಿಂತು ‘ಆರ್’ ಒತ್ತಿದರೆ, ನಿಜವಾಗಿಯೂ ಅಳಿಸಲೇ ಎಂದು ಒಮ್ಮೆ ಕೇಳಿ ಅಳಿಸುತ್ತದೆ. ಪಟ್ಟಿ ಉದ್ದವಾದರೆ ಸೆಟ್ಟಿಂಗ್ ಬದಲಿಸಿ ಒಂದೊಂದು ಅಕ್ಷರಕ್ಕೆ ಒಂದರಂತೆ 26 ಫೈಲ್‌ಗಳವರೆಗೆ ಹಂಚಿಡಬಹುದು. ನನಗೆ ಮೂರು ಸಾಕಾಗಿವೆ: ಕೆಲಸ, ಊರು, ಓದು. ಇವು ಯಾವ ಖಾತೆಯಲ್ಲೂ ಇಲ್ಲ. ನನ್ನದೇ ಲ್ಯಾಪ್‌ಟಾಪಿನಲ್ಲಿರುವ ಸಾದಾ ಎಚ್‌ಟಿಎಂಎಲ್ ಫೈಲ್‌ಗಳು. ಯಾವ ಬ್ರೌಸರಿನಲ್ಲಾದರೂ ತೆರೆದುಕೊಳ್ಳುತ್ತವೆ. ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿಟ್ಟಿದ್ದೇನೆ.

ಇದರಲ್ಲೇ ಎಲ್ಲ ನಡೆಯುತ್ತದೆ ಅನ್ನುವಂತಿಲ್ಲ. ಜಾವಾಸ್ಕ್ರಿಪ್ಟ್ ಇಲ್ಲದ್ದರಿಂದ ನೆಟ್‌ಬ್ಯಾಂಕಿಂಗ್, ನಕ್ಷೆ ಇವಕ್ಕೆಲ್ಲ ಮಾಮೂಲಿ ಬ್ರೌಸರೇ ಬೇಕು. ಕನ್ನಡದ ಕಥೆ ಇನ್ನೂ ಬೇಸರದ್ದು. ಟರ್ಮಿನಲ್ ಎಂದರೆ ಸಮ ಅಳತೆಯ ಚೌಕಗಳ ಹಾಳೆ ಇದ್ದಂತೆ. ಇಂಗ್ಲಿಷ್‌ನಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ ಕೂರುತ್ತದೆ. ನಮ್ಮ ಒತ್ತಕ್ಷರ ಕೆಳಗಿಳಿಯಬೇಕು, ಗುಣಿತದ ಕೊಂಬು ಪಕ್ಕಕ್ಕೆ ಚಾಚಬೇಕು. ಎಷ್ಟೋ ಟರ್ಮಿನಲ್‌ಗಳಿಗೆ ಈ ಜೋಡಣೆ ಬರುವುದಿಲ್ಲ. ನನ್ನ ಪರದೆಯಲ್ಲಿ ‘ಮಾಸ್ತರ’ ಎಂಬ ಪದದ ಒತ್ತು ಕಳಚಿ ಪಕ್ಕದಲ್ಲಿ ನಿಲ್ಲುತ್ತದೆ. ಓದಬಹುದು, ಆದರೆ ಕಣ್ಣಿಗೆ ಚುಚ್ಚುತ್ತದೆ. ಹಾಗಾಗಿ ಕನ್ನಡದ ಪುಟಗಳನ್ನು ಇಲ್ಲಿ ಗುರುತು ಹಾಕಿಕೊಂಡು, ಮಾಮೂಲಿ ಬ್ರೌಸರಿನಲ್ಲಿ ಓದುತ್ತೇನೆ.

ಇನ್ನೊಂದು ಮಾತು. ಬುಕ್‌ಮಾರ್ಕ್ ಕಾಯುವುದು ವಿಳಾಸವನ್ನು ಮಾತ್ರ. ಆ ಕಡೆ ಪುಟವನ್ನೇ ತೆಗೆದುಹಾಕಿದರೆ ವಿಳಾಸ ಇಟ್ಟುಕೊಂಡು ಏನು ಮಾಡುವುದು? ಕಳೆದುಕೊಳ್ಳಲಾಗದ ಪುಟವಾದರೆ ‘ಪಿ’ ಒತ್ತಿ, ಬರಹವನ್ನು ಫೈಲ್ ಮಾಡಿ ಇಟ್ಟುಕೊಳ್ಳುತ್ತೇನೆ. ಚಿತ್ರ ಇದ್ದರೆ ಅದನ್ನು ಬೇರೆ ಇಳಿಸಿಕೊಳ್ಳಬೇಕು. ಅಪ್ಪನ ಪುಟದ ವಿಷಯದಲ್ಲಿ ಎರಡನ್ನೂ ಮಾಡಿರಲಿಲ್ಲ. ಆ ಪತ್ರಿಕೆಯ ಜಾಲತಾಣವೇ ಈಗ ತೆರೆಯುವುದಿಲ್ಲ.

ಇದನ್ನು ತಿಂಗಳುಗಟ್ಟಲೆ ಅವ್ವನಿಗೆ ಹೇಳಿರಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಊಟಕ್ಕೆ ಕೂತು ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

“ಅದಕ್ಯಾಕ ಇಷ್ಟ ಚಿಂತಿ ಮಾಡ್ತಿಯೋ? ಆ ಪೇಪರ್ ನಿಮ್ಮಪ್ಪನ ಟ್ರಂಕಿನ್ಯಾಗ ಐತಿ. ಉಂಡ ಮ್ಯಾಲ ತಗದು ನೋಡು.”

ಟ್ರಂಕಿನಲ್ಲಿ ಸರ್ವಿಸ್ ಪುಸ್ತಕದ ಕೆಳಗೆ, ಪ್ಲಾಸ್ಟಿಕ್ ಹಾಳೆಯೊಳಗೆ ಆ ಕತ್ತರಿಸಿದ ತುಣುಕಿತ್ತು. ಅಂಚಿನಲ್ಲಿ ಪತ್ರಿಕೆಯ ಹೆಸರು, ತಾರೀಕು, ಕೆಳಗೆ ‘ನನ್ನ ಬೀಳ್ಕೊಡುಗೆ’ ಎಂದು ಅಪ್ಪನ ದುಂಡನೆಯ ಅಕ್ಷರ.

ಅದರ ಫೋಟೊ ತೆಗೆದು ಮೂರು ಕಡೆ ಇಟ್ಟಿದ್ದೇನೆ. ಮೂಲವನ್ನು ಟ್ರಂಕಿಗೇ ವಾಪಸ್ ಹಾಕಿದೆ. ಈಗ ಪ್ರತಿ ತಿಂಗಳ ಮೊದಲ ಭಾನುವಾರ ‘ವಿ’ ಒತ್ತಿ ಇಡೀ ಪಟ್ಟಿಯನ್ನು ಒಮ್ಮೆ ಓದುತ್ತೇನೆ, ಬೇಡವಾದದ್ದನ್ನು ಅಳಿಸುತ್ತೇನೆ. ಸದ್ಯ ಉಳಿದಿರುವುದು 38. ಒಂದೊಂದೂ ಯಾಕಿದೆ ಎಂದು ಹೇಳಬಲ್ಲೆ.